ಬದಲಾಯಿಸಬಾರದ ಮನೆ

ಸಂಖ್ಯಾಶಾಸ್ತ್ರವೆಂದರೆ ಫ್ಯಾನಿನ ಕೆಳಗೆ ಕುಳಿತು ಕೂಡಿಸುವುದು, ಕಳೆಯುವುದು ಎಂದು ಹಗುರವಾಗಿ ಆಡಿಕೊಳ್ಳುವವರು ಸರಾಸರಿಯವರನ್ನು ಕಂಡಿರಬೇಕಿತ್ತು. ಸಮೀಕ್ಷಾ ಕಚೇರಿಯ ಕ್ಷೇತ್ರಾಧಿಕಾರಿಯಾಗಿದ್ದ ಅವರಿಗೆ ಆ ಅಡ್ಡಹೆಸರನ್ನಿಟ್ಟವರು ಸಹೋದ್ಯೋಗಿಗಳು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಮನೆಗಳನ್ನು ಆರಿಸುತ್ತಿದ್ದವರು ವಿಚಾರಿಸಲು ಹೋಗುವ ನೌಕರರೇ. ನಗುಮುಖದಿಂದ ಬಾಗಿಲು ತೆರೆಯುವ ಮನೆಗೆ ಹೋಗುತ್ತಿದ್ದರು, ಸಾವಿನ ಮನೆಯನ್ನು ದಾಟಿ ಮುಂದೆ ನಡೆಯುತ್ತಿದ್ದರು. ಹೀಗಾಗಿ ವರದಿಯಲ್ಲಿ ಮಕ್ಕಳು ಸಾಯುತ್ತಲೇ ಇರಲಿಲ್ಲ! ಕಣ್ಣಳತೆಯ ಆಯ್ಕೆ ಸಲ್ಲದು, ಯಾರ ಇಷ್ಟಕ್ಕೂ ಒಳಗಾಗದ ಸಂಖ್ಯೆಗಳ ಪಟ್ಟಿಯೇ ಮನೆಯನ್ನು ಆರಿಸಲಿ ಎಂಬ ವಿಧಾನವನ್ನು ಶಾಸ್ತ್ರಜ್ಞರು ದಶಕಗಳ ಕಾಲ ವಾದಿಸಿ ನೆಲೆಗೊಳಿಸಿದ್ದರು. ಅದು ಕಚೇರಿಗೆ ಬಂದಾಗ ಎಲ್ಲರಿಗಿಂತ ಮೊದಲು ಒಪ್ಪಿದವರು ಸರಾಸರಿಯವರು. ಪಟ್ಟಿ ತೋರಿಸಿದ ಮನೆಯನ್ನು ಬದಲಾಯಿಸಬಾರದೆಂಬುದು ಅವರ ಪಾಲಿಗೆ ಆಣೆಯೇ ಆಗಿತ್ತು.

ಶಿಶುಮರಣದ ಸಮೀಕ್ಷೆಯಲ್ಲಿ ಆ ಪಟ್ಟಿ ಅವರ ತಂಗಿಯ ಮನೆಯನ್ನೇ ತೋರಿಸಿತು.

"ಪಕ್ಕದ ಮನೆ ಬರ್ಕೊಳ್ಳಿ ಸಾರ್, ಯಾರ ಗಂಟು ಹೋಗುತ್ತೆ?" ಎಂದ ಎದುರು ಮೇಜಿನ ಗುಮಾಸ್ತ. "ಪಟ್ಟಿಗೇನು ಕಣ್ಣಿದ್ಯಾ?"

"ಕಣ್ಣಿಲ್ಲ ಅಂತಾನೇ ಕಣಯ್ಯ ಅದನ್ನ ನಂಬಿರೋದು."

ತಂಗಿಯ ಚೊಚ್ಚಲು ಮಗು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡಿತ್ತು. ಮಗು ಅತ್ತಿತೆಂದು ಅವಳು ಹೇಳಿದರೆ, ಹುಟ್ಟುವಾಗಲೇ ಜೀವವಿರಲಿಲ್ಲವೆಂದು ಹಿರಿಯರೆಲ್ಲ ಸೇರಿ ಸಾಧಿಸಿದರು. ಹಾಗೆಂದರೆ ಬೇಗ ಮರೆಯುತ್ತಾಳೆಂಬುದು ಅವರ ಲೆಕ್ಕಾಚಾರ. ಹೆರಿಗೆ ಕೋಣೆಯ ಹೊರಗೆ ನಿಂತಿದ್ದ ಅಣ್ಣನ ಕಿವಿಗೂ ಆ ಅಳು ಬಿದ್ದಿತ್ತು. ಆದರೂ, "ನಿನಗೆ ಭ್ರಮೆ ಕಣೇ," ಎಂದು ಅವರೂ ಹಿರಿಯರ ಜೊತೆ ದನಿಗೂಡಿಸಿದ್ದರು.

ಸರಾಸರಿಯವರು ಹೋದಾಗ ತಂಗಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು.

"ಏನಣ್ಣ, ತಂಗಿ ಮನೆಗೂ ಚೀಲ ನೇತುಹಾಕ್ಕೊಂಡೇ ಬರ್ತೀಯಾ? ನನ್ನ ಮಕ್ಕಳೆಷ್ಟು ಅಂತ ಸೋದರಮಾವನಿಗೆ ಗೊತ್ತಿಲ್ವಾ?"

ಸರಾಸರಿಯವರು ನಗಲಿಲ್ಲ. ಮುದ್ರಿತ ಪ್ರಶ್ನೆಯನ್ನು ಒಂದಕ್ಷರವೂ ಬಿಡದೆ ಓದಿದರು: ಹುಟ್ಟಿ, ಅತ್ತು ಅಥವಾ ಉಸಿರಾಡಿ, ಅನಂತರ ತೀರಿಕೊಂಡ ಮಗು ಇದೆಯೇ?

ಯಂತ್ರದ ಚಕ್ರ ನಿಂತಿತು.

"ನೀನೇ ಹೇಳು. ಅತ್ತಿತ್ತಾ?"

ಕೇಳುವವನು ಉತ್ತರವನ್ನು ಸೂಚಿಸಬಾರದು, ಅದೂ ನಿಯಮವೇ. "ನೀನು ಹೇಳಿದ್ದನ್ನ ಬರೀತೀನಮ್ಮ."

"ಅತ್ತಿತ್ತು. ಬರಿ."

ಅವರು ಬರೆದರು. ಲೇಖನಿಯನ್ನು ಜೇಬಿಗೆ ಸಿಕ್ಕಿಸಿದ ಮೇಲೆ, "ನನಗೂ ಕೇಳಿಸಿತ್ತು," ಎಂದರು.

ತಂಗಿ ಅಳಲಿಲ್ಲ. "ಹಾಗಾದ್ರೆ ಎಲ್ಲರೂ ಸೇರಿ ನನ್ನನ್ನ ಹುಚ್ಚಿ ಮಾಡ್ದಾಗ ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ."

"ಸರಿ. ನಿನ್ನ ಕೆಲಸ ಆಯ್ತಲ್ಲ, ಹೊರಡು."

ಆ ವರ್ಷದ ವರದಿಯಲ್ಲಿ ಶಿಶುಮರಣ ಹೆಚ್ಚಿತೆಂದು ಪತ್ರಿಕೆಗಳು ಇಲಾಖೆಯನ್ನು ಹಿಗ್ಗಾಮುಗ್ಗಾ ಜರೆದವು. ಹಿಂದೆ ಎಣಿಕೆಗೇ ಬಾರದಿದ್ದ ಸಾವುಗಳು ಆಗ ಎಣಿಕೆಗೆ ಬಂದಿದ್ದವೆಂದು ಒಬ್ಬ ಸಂಪಾದಕನೂ ಗಮನಿಸಲಿಲ್ಲ. ಮನೆಯವರಿಗೆಲ್ಲ ತಂಗಿ ಆ ಮಾತನ್ನು ಒಬ್ಬೊಬ್ಬರಿಗೇ ತಿಳಿಸಿದಳು: ಮಗು ಅತ್ತಿತ್ತು, ಅಣ್ಣನೇ ಸಾಕ್ಷಿ. ಆ ಸಾಕ್ಷಿಯೊಡನೆ ಮಾತ್ರ ಅವಳು ಮತ್ತೆ ಮಾತನಾಡಲಿಲ್ಲ.