ಮೈತ್ರಿಗೆ ಜರ್ಮನ್ ಶಾಲೆ ನೋಡಲು ಹೋದದ್ದು

ಮೊನ್ನೆ ನನ್ನ ತಮ್ಮನ ಸೊಸೆ ಶೋಭಾ ಬಂದು ನಾಲ್ಕು ಬಣ್ಣದ ಪುಸ್ತಕಗಳನ್ನು ನನ್ನ ಮಡಿಲಿಗೆ ಹಾಕಿದಳು. ಗಂಡನ ಕೆಲಸದ ದೆಸೆಯಿಂದ ಆರು ವರ್ಷ ಜರ್ಮನಿಯಲ್ಲಿದ್ದವಳು. ಈಗ ಕಂಪನಿ ಅವನನ್ನು ದುಬೈಗೆ ಹಾಕಿದೆ. ಮಗಳಿಗೆ ಅಲ್ಲಿಯೂ ಜರ್ಮನ್ ಭಾಷೆಯ ಶಾಲೆಯೇ ಆಗಬೇಕಂತೆ. "ಅತ್ತೆ, ನಿಮಗೆ ಅನುಭವ ಉಂಟಲ್ಲ, ಯಾವುದು ಒಳ್ಳೇದು ನೋಡಿ ಹೇಳಿ" ಅಂದಳು. ನಾನು ನೋಡಲಿಲ್ಲ, ಮೂಸಿದೆ. ಆ ನುಣುಪು ಕಾಗದದ ವಾಸನೆಯೊಂದು ಉಂಟು, ಅಂಟಿಗೂ ಸೀಮೆಎಣ್ಣೆಗೂ ನಡುವಿನದ್ದು. ಅದು ಮೂಗಿಗೆ ಹೋದದ್ದೇ ತಡ, ಹತ್ತು ವರ್ಷದ ಹಿಂದಿನ ಅಬುಧಾಬಿಯ ರಸ್ತೆ, ಕಾರಿನ ಹಿಂದಿನ ಸೀಟು, ತೊಡೆಯ ಮೇಲೆ ಎಂಟು ವರ್ಷದ ಮೈತ್ರಿಯ ತಲೆಯ ಭಾರ, ಎಲ್ಲ ಬಂದು ಎದುರಿಗೆ ಕೂತವು.

ಅನುಭವ ಎಂದರೆ ಏನು ಎಂದು ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಅನ್ನಬೇಡಿ. ನಾನು ಕಲಿತದ್ದು ಎರಡನೇ ಕ್ಲಾಸು. ಮಳೆಗಾಲದಲ್ಲಿ ತೋಡು ದಾಟಲು ಆಗದೆ ಶಾಲೆ ಬಿಟ್ಟೆ. ಬೇಸಿಗೆ ಬಂದರೂ ತಿರುಗಿ ಹೋಗಲಿಲ್ಲ, ಅದಕ್ಕೆ ತೋಡಿನ ತಪ್ಪಿಲ್ಲ. ಆಮೇಲೆ ಮೂವತ್ತು ವರ್ಷ ಬೀಡಿ ಕಟ್ಟಿದೆ. ಕಟ್ಟಿದ ಬೀಡಿ ಲೆಕ್ಕ ಮಾಡಿ ತೆಗೆದುಕೊಳ್ಳುವ ಬ್ರಾಂಚಿನವನು ಪಾಸ್ ಪುಸ್ತಕದಲ್ಲಿ ಏನು ಗೀಚುತ್ತಾನೆಂದು ತಿಳಿಯುವುದಕ್ಕಾಗಿ ಓದುವುದನ್ನು ಗಟ್ಟಿ ಮಾಡಿಕೊಂಡೆ. ಇಂಥವಳು ಮೊಮ್ಮಗಳನ್ನು ಮೂರನೇ ಕ್ಲಾಸಿಗೆ ಸೇರಿಸಲು ಸಮುದ್ರ ದಾಟಿದಳು.

ಮೈತ್ರಿ ನನ್ನ ಮಗಳು ಸುಜಾತಳ ಮಗಳು. ಮೂರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಜರ್ಮನಿಗೆ ಹೋದವಳು. ಮನೆಯಲ್ಲಿ ತುಳು, ಹೊರಗೆ ಜರ್ಮನ್. ಅಳಿಯನಿಗೆ ಅಬುಧಾಬಿಯಿಂದಲೂ ಆಚೆ ಇರುವ ರುವೈಸಿನ ಎಣ್ಣೆ ಕಾರ್ಖಾನೆಗೆ ನಾಲ್ಕು ವರ್ಷದ ವರ್ಗವಾಯಿತು. ಅವನು ಕಂಪನಿ ಮನೆಗೆ ಹೋದ. ತಾಯಿ ಮಗಳು ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಸ್ನೇಹಿತರ ಮನೆಯಲ್ಲಿ ಇಳಿದರು. ಶಾಲೆಯ ಓಡಾಟಕ್ಕೆ ಒಬ್ಬರು ಜನ ಬೇಕೆಂದು ನನ್ನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡರು. ನಾಲ್ಕು ವರ್ಷ ಕಳೆದು ಮತ್ತೆ ಜರ್ಮನಿಗೇ ಹೋಗುವುದಾದ್ದರಿಂದ ಜರ್ಮನ್ ಶಾಲೆ ಸಿಕ್ಕಿದರೆ ಒಳ್ಳೇದು. ಸಿಗದಿದ್ದರೆ? ಇಂಗ್ಲಿಷಿನಲ್ಲಿ ಹೇಗೂ ಎ ಬಿ ಸಿ ಡಿಯಿಂದ ಶುರು ಮಾಡಬೇಕು, ಹಾಗಾದರೆ ಅದನ್ನು ಊರಲ್ಲೇ ಮಾಡಲಿ, ಕಟಪಾಡಿಯಲ್ಲಿ ಅಜ್ಜಿಯ ಹತ್ತಿರ ಇರಲಿ ಎಂದು ಗಂಡ ಹೆಂಡತಿ ತೀರ್ಮಾನ ಮಾಡಿದ್ದರು. ಅಜ್ಜಿಯನ್ನು ಕೇಳಿರಲಿಲ್ಲ.

ಅಜ್ಜಿಗೆ ಮನಸ್ಸಿರಲಿಲ್ಲ. ನಾಲ್ಕು ಮಕ್ಕಳನ್ನು ಸಾಕಿದೆ, ಹಾಸಿಗೆ ಹಿಡಿದ ಅತ್ತೆಯ ಚಾಕರಿ ಒಂಬತ್ತು ವರ್ಷ ಮಾಡಿದೆ. ಎಲ್ಲ ಮುಗಿದು ಮಧ್ಯಾಹ್ನ ಊಟ ಮಾಡಿ ಕಾಲು ಚಾಚಿ ಮಲಗುವ ಸುಖ ಅರುವತ್ತನಾಲ್ಕನೇ ವಯಸ್ಸಿನಲ್ಲಿ ಸಿಕ್ಕಿತ್ತು. ಅದನ್ನು ಬಿಟ್ಟುಕೊಟ್ಟು ಇನ್ನೊಂದು ಮಗುವಿನ ಮೂಗು ಒರೆಸಲು ನಾನು ತಯಾರಿರಲಿಲ್ಲ. ಹಾಗಾಗಿ ಆ ಇಡೀ ಯುಎಇಯಲ್ಲಿ ಜರ್ಮನ್ ಶಾಲೆ ಬೇಕೆಂದು ನನ್ನಷ್ಟು ಹಂಬಲಿಸಿದವರು ಇನ್ನೊಬ್ಬರಿಲ್ಲ.

ತೊಂದರೆ ಇದ್ದದ್ದು ಮೈತ್ರಿಯದ್ದು. ವಿಮಾನ ಇಳಿದ ದಿನದಿಂದ ಜರ್ಮನ್ ಒಂದಕ್ಷರ ಆಡುವುದಿಲ್ಲ ಎಂದು ಕೂತಿದ್ದಳು. ಏನು ಕೇಳಿದರೂ ತುಳು, ಇಲ್ಲವೇ ಮೌನ. "ಅಲ್ಲಿಯ ಗೆಳತಿಯರ ನೆನಪಿಗೆ ಬೇಜಾರು" ಎಂದು ಸುಜಾತ ಅರ್ಥ ಹೇಳಿದಳು. "ಹೊಟ್ಟೆ ತುಂಬಿದ್ದಕ್ಕೆ ಹಠ" ಎಂದು ನಾನು ಅರ್ಥ ಹೇಳಿದೆ.

ಮೊದಲು ದುಬೈಯ ಶಾಲೆಗೆ ಹೋದೆವು. ನಮ್ಮಲ್ಲಿ ಹೆಣ್ಣು ನೋಡಲು ಹೋದಾಗ ಗಂಡಸರು ಚಾವಡಿಯಲ್ಲಿ ಕೂತು ಹೆಣ್ಣಿನ ಮುಖ ನೋಡುತ್ತಾರೆ. ಮುಖ ನೋಡಿ ಯಾರಿಗೆ ಏನು ತಿಳಿದಿದೆ? ನನ್ನನ್ನು ಕರೆದುಕೊಂಡು ಹೋಗುವುದು ಹಿತ್ತಿಲು ನೋಡಲಿಕ್ಕೆ. ಕಾಲು ತೊಳೆಯುವ ನೆವದಲ್ಲಿ ಹಿಂದೆ ಹೋಗಿ ಬಾವಿಕಟ್ಟೆ, ಪಾತ್ರೆ ತಿಕ್ಕುವ ಜಾಗ, ಕೆಲಸದವಳ ಮುಖ ನೋಡಿ ಬರುತ್ತೇನೆ. ಹೀಗೆ ಏಳು ಸಂಬಂಧ ಕುದುರಿಸಿದ್ದೇನೆ, ಮೂರು ಮುರಿದಿದ್ದೇನೆ. ಮುರಿದ ಮೂರರ ಬಗ್ಗೆ ಹೆಮ್ಮೆ ಜಾಸ್ತಿ.

ಶಾಲೆಗೂ ಅದೇ ಕ್ರಮ. ಸುಜಾತ ಆಫೀಸಿನಲ್ಲಿ ಬಣ್ಣದ ಪುಸ್ತಕ ಮಗುಚುತ್ತಿದ್ದಾಗ ನಾನು ಮೆಲ್ಲ ಹಿಂದಕ್ಕೆ ಹೋದೆ. ವಾಚ್‌ಮನ್ "ಮಾಫಿ, ಮಾಫಿ, ಅಮ್ಮಾ" ಎಂದು ಕೈ ಬೀಸಿದ. ಮಾಫಿ ಎಂದರೆ ಇಲ್ಲ, ಕೂಡದು ಎಂದು. ನಾನೂ ಕೈ ಬೀಸಿ ಮುಂದೆ ಹೋದೆ. ನಿಂತ ಬಸ್ಸಿನ ನೆರಳಲ್ಲಿ ಒಬ್ಬಳು ಆಯಾ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ಮೀನಿನ ಸಾರಿನ ಪರಿಮಳಕ್ಕೇ ನಮ್ಮ ಕಡೆಯವಳೆಂದು ನನಗೆ ಗೊತ್ತಾಯಿತು.

"ಯಾವೂರಾಯ್ತು?" ಅಂದೆ.

"ಶಿರ್ವ. ಫಿಲೋಮಿನಾ. ನೀವು ಎಂತ ಇಲ್ಲಿ, ಈ ಬಿಸಿಲಿಗೆ?"

"ಹೆಣ್ಣು ನೋಡ್ಲಿಕ್ಕೆ ಬಂದದ್ದು."

ಅವಳು ನಕ್ಕು ತುತ್ತು ನೆತ್ತಿಗೇರಿಸಿಕೊಂಡಳು. ಆಮೇಲೆ ಆಫೀಸಿನವರು ಒಂದು ಗಂಟೆಯಲ್ಲಿ ಹೇಳದ್ದನ್ನು ಎರಡು ನಿಮಿಷದಲ್ಲಿ ಹೇಳಿದಳು. "ಮೂರನೇ ಕ್ಲಾಸು ಇಲ್ಲಿ ಖಲಾಸ್, ಸೀಟಿಲ್ಲ. ಅಬುಧಾಬಿಯಲ್ಲಿ ಒಂದು ಉಂಟಂತೆ, ನನ್ನ ನಾದಿನಿ ಅಲ್ಲಿಯ ಬಸ್ಸಿನಲ್ಲಿ ಇದ್ದಾಳೆ. ಕಾಗದದ ಪರೀಕ್ಷೆ ಎಲ್ಲ ಇಲ್ಲ ಮಾರಾಯ್ರೆ. ಟೀಚರು ಮಗುವನ್ನು ಕೂರಿಸಿ ಮಾತಾಡಿಸುದು. ಜರ್ಮನ್ ಬಾಯಿಂದ ಬಂದ್ರೆ ಸೀಟು, ಇಲ್ಲದಿದ್ರೆ ಇಲ್ಲ."

"ಮಕ್ಕಳಿಗೆ ಹೊಡೀತಾರಾ?"

"ಇಲ್ಲಪ್ಪ. ಹೊಡೆದ್ರೆ ಪೊಲೀಸು."

ಸಂಬಂಧ ಒಳ್ಳೆಯದೇ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮುಂದಿನ ವಾರ ಅಬುಧಾಬಿಗೆ ಹೊರಟೆವು. ಕಾರಿನಲ್ಲಿ ಮೈತ್ರಿ ನನ್ನ ತೊಡೆಯ ಮೇಲೆ ಮಲಗಿದಳು. ಸುಜಾತ ಸ್ಟೀರಿಂಗ್ ಹಿಡಿದುಕೊಂಡೇ ವಿಷಯ ತೆಗೆದಳು.

"ಅಮ್ಮ, ಇದೂ ಆಗದಿದ್ರೆ ನಿನ್ನ ಟಿಕೆಟಿನ ಜೊತೆಗೇ ಅವಳದ್ದೂ ಮಾಡ್ತೇನೆ."

"ನನ್ನಿಂದ ಆಗ್ಲಿಕ್ಕಿಲ್ಲ."

"ಒಂದೇ ಮಗು ಅಮ್ಮ!"

"ಒಂದಾದ್ರೆ ನೀನೇ ಇಟ್ಟುಕೋ. ನಾನು ನಾಲ್ಕು ಸಾಕಿ ಕೈ ತೊಳೆದಾಗಿದೆ. ಈ ಪ್ರಾಯದಲ್ಲಿ ನನಗೆ ಯಾರೂ ಬೇಡ, ಮಧ್ಯಾಹ್ನದ ನಿದ್ದೆ ಸಾಕು."

ಸಿಟ್ಟು ಬಂದರೆ ಸುಜಾತ ಕಾರನ್ನು ಜೋರು ಓಡಿಸುತ್ತಾಳೆ, ಹಾಗಾಗಿ ಬೇಗ ತಲುಪಿದೆವು.

ಟೀಚರು ಅಡಿಕೆ ಮರದಷ್ಟು ಉದ್ದದ ಹೆಂಗಸು. ತಾಯಿಗೆ ಪಕ್ಕದ ಕೋಣೆಯಲ್ಲಿ ಫಾರಂ ತುಂಬಿಸಲು ಹೇಳಿದಳು. ಮೈತ್ರಿ ನನ್ನ ಸೀರೆಯ ಸೆರಗು ಬಿಡಲಿಲ್ಲ. ಕೊನೆಗೆ, ಮುದುಕಿ ಒಬ್ಬಳಿದ್ದರೆ ಏನು ತೊಂದರೆ ಎಂದು ಟೀಚರಿಗೆ ಅನಿಸಿರಬೇಕು, ನನಗೂ ಒಂದು ಕುರ್ಚಿ ತೋರಿಸಿದಳು. ಮಕ್ಕಳ ಕುರ್ಚಿ. ಕೂತದ್ದು ಸುಲಭ, ಏಳುವ ಯೋಚನೆ ಆಮೇಲೆ ಮಾಡಿದರಾಯಿತು ಎಂದು ಕೂತೆ.

ಟೀಚರು ನಾಯಿಯ ಚಿತ್ರ ತೋರಿಸಿದಳು. ಮೈತ್ರಿ ನೆಲ ನೋಡಿದಳು. ದನ ತೋರಿಸಿದಳು. ನೆಲ. ಅಂಗಡಿ, ರೈಲು, ಹಿಮದಲ್ಲಿ ಆಡುವ ಮಕ್ಕಳು. ನೆಲ, ನೆಲ, ನೆಲ. ಟೀಚರು ಕಾಗದದಲ್ಲಿ ಏನೋ ಗುರುತು ಹಾಕಿದಳು. ಲೆಕ್ಕ ಇಡುವವರು ಗೀಚುವಾಗ ಅದು ನಮ್ಮ ಪಾಲಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಮೂವತ್ತು ವರ್ಷ ಬೀಡಿ ಕಟ್ಟಿದವಳಿಗೆ ದೂರದಿಂದಲೇ ತಿಳಿಯುತ್ತದೆ. ನನ್ನ ಮಧ್ಯಾಹ್ನದ ನಿದ್ದೆ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿತ್ತು.

ಹೆಣ್ಣು ಬಾಯಿ ಬಿಡದಿದ್ದರೆ ಬಿಡಿಸುವ ಉಪಾಯ ನನಗೆ ಗೊತ್ತು. ನಾಚಿಕೆ ತರಿಸಬೇಕು.

"ಮೈತ್ರಿ, ಇವಳತ್ರ ಕೇಳು, ಇವಳಿಗೆ ಮದುವೆ ಆಗಿದೆಯಾ?"

"ಅಜ್ಜೀ!"

"ನೀನು ಕೇಳದಿದ್ರೆ ನಾನೇ ಕೈಸನ್ನೆ ಮಾಡಿ ಕೇಳ್ತೇನೆ." ಕುತ್ತಿಗೆಗೆ ಬೆರಳು ಸುತ್ತಿ ತಾಳಿ ಕಟ್ಟುವ ಹಾಗೆ ಮಾಡಿದೆ. ಟೀಚರು ಹೆದರಿ ಹಿಂದೆ ಸರಿದಳು. ನೇಣಿನ ಸುದ್ದಿ ಅಂದುಕೊಂಡಳೋ ಏನೋ. ಮೈತ್ರಿಗೆ ಬೇರೆ ದಾರಿ ಇರಲಿಲ್ಲ, ಗಡಿಬಿಡಿಯಲ್ಲಿ ಜರ್ಮನಿನಲ್ಲಿ ಏನೋ ಅಂದಳು. ಟೀಚರ ಮುಖ ಸಡಿಲವಾಯಿತು. ಮೂರು ಬೆರಳೆತ್ತಿ ಉತ್ತರ ಕೊಟ್ಟಳು.

"ಮೂರು ಗಂಡಂದಿರಾ?"

"ಮೂರು ಮಕ್ಕಳು, ಅಜ್ಜಿ!"

"ಹಾಗಾದ್ರೆ ಸರಿ. ಇನ್ನು ಕೇಳು, ಇಲ್ಲಿ ಕಕ್ಕಸಿನಲ್ಲಿ ನೀರು ಉಂಟಾ, ಬರೀ ಕಾಗದವಾ?"

ಅದನ್ನೂ ಕೇಳಿದಳು. ಟೀಚರು ಗಂಭೀರವಾಗಿ ನಮ್ಮಿಬ್ಬರನ್ನು ಕರೆದುಕೊಂಡು ಹೋಗಿ ನೀರಿನ ಪೈಪು ಒತ್ತಿ ತೋರಿಸಿದಳು. ಅವತ್ತೇ ಆ ಹೆಂಗಸಿನ ಮೇಲೆ ನನಗೆ ಗೌರವ ಬಂತು. ತಿರುಗಿ ಬಂದ ಮೇಲೆ ಕೊನೆಯದ್ದು ಹೇಳಿದೆ: "ಸೀಟು ಕೊಡ್ತಾರಾ ಇಲ್ವಾ, ಒಂದು ಮಾತು ಹೇಳ್ಲಿಕ್ಕೆ ಹೇಳು."

ನಾನು ಹೇಳಿದ್ದು ಗೇಣುದ್ದ. ಅವಳು ಜರ್ಮನಿನಲ್ಲಿ ಹೇಳಿದ್ದು ಮಾರುದ್ದ. ನಿಲ್ಲಿಸದೆ, ನೆಲ ನೋಡದೆ, ಟೀಚರ ಮುಖವನ್ನೇ ನೋಡಿ ಹೇಳಿದಳು. ಟೀಚರು ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೆ ಹಾಕಿ ನನ್ನನ್ನೊಮ್ಮೆ ನೋಡಿದಳು. ಎಸಿಯ ಥಂಡಿಗೆ ಗಾಜು ಮಂಜಾಗಿರಬೇಕು ಅಂದುಕೊಂಡೆ. ವಾರದೊಳಗೆ ಸೀಟು ಸಿಕ್ಕಿತು. ತಾಯಿ ಮಗಳು ಅಬುಧಾಬಿಯಲ್ಲಿ ಮನೆ ಮಾಡಿದರು, ಅಲ್ಲಿ ಆಗ ವಾರದ ರಜೆ ಶುಕ್ರವಾರ ಶನಿವಾರ, ಅಳಿಯ ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದ. ನಾನು ಕಟಪಾಡಿಗೆ ಬಂದು ಕಾಲು ಚಾಚಿ ಮಲಗಿದೆ, ಮತ್ತು ಒಂದು ಜರ್ಮನ್ ಶಾಲೆಯನ್ನು ನಾನೇ ಗೆದ್ದೆ ಎಂದು ಹತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಶೋಭಾ ಪುಸ್ತಕ ಹಿಡಿದು ಬಂದದ್ದು ಅದಕ್ಕೇ.

ಅವಳಿಗೆ ಗೊತ್ತಿಲ್ಲದ್ದು ಒಂದುಂಟು. ಹೋದ ವರ್ಷ ಮೈತ್ರಿ ವೀಡಿಯೋ ಕಾಲ್ ಮಾಡಿದ್ದಳು. ಈಗ ಜರ್ಮನಿಯಲ್ಲಿ ಕಾಲೇಜು. ನಾನು ಇದೇ ಕತೆ ತೆಗೆದು ನಗುತ್ತಿದ್ದೆ. "ಅವತ್ತು ಟೀಚರತ್ರ ಅಷ್ಟುದ್ದ ಎಂತ ಹೇಳಿದ್ದು ನೀನು?" ಎಂದು ಸುಮ್ಮನೆ ಕೇಳಿದೆ.

ಅವಳೂ ನಗುತ್ತಲೇ ಹೇಳಿದಳು. "ನನಗೆ ಅಜ್ಜಿಯ ಜೊತೆ ಇಂಡಿಯಾಕ್ಕೆ ಹೋಗ್ಬೇಕಿತ್ತು, ಅದಕ್ಕೇ ಇಷ್ಟು ದಿನ ಜರ್ಮನ್ ಮಾತಾಡ್ಲಿಲ್ಲ ಅಂತ ಹೇಳಿದೆ. ಆದ್ರೆ ಅಜ್ಜಿಗೆ ನಾನು ಬೇಡವಂತೆ, ಕಾರಿನಲ್ಲಿ ಹೇಳಿದ್ರು. ಹಾಗಾಗಿ ನೀವೇ ಸೇರಿಸಿಕೊಳ್ಳಿ ಅಂದೆ."

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಸುಳ್ಳಾಗಿರಲಿಲ್ಲ. "ಹೌದು, ಬೇಡ ಅಂದಿದ್ದೆ" ಅಂದೆ. "ಗೊತ್ತುಂಟು ಅಜ್ಜಿ" ಅಂದಳು. ಆಮೇಲೆ ಇಬ್ಬರೂ ಅಲ್ಲಿಯ ಚಳಿಯ ಬಗ್ಗೆ ಮಾತಾಡಿದೆವು. ಅವತ್ತು ಮಧ್ಯಾಹ್ನ ಮಲಗಿದೆ, ನಿದ್ದೆ ಬರಲಿಲ್ಲ. ಎದ್ದು ಪಾತ್ರೆ ತೊಳೆದೆ.

ಶೋಭಾ ನಾಲ್ಕು ಪುಸ್ತಕಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದಳು. "ಯಾವುದು ಅತ್ತೆ? ಸಿಗದಿದ್ರೆ ಮಗಳನ್ನು ನನ್ನ ತವರಿಗೆ ಬಿಡುವುದು ಅಂತ ಇವರು ಹೇಳ್ತಾರೆ."

"ಹುಡುಗಿ ಎಲ್ಲಿ?"

"ಹೊರಗೆ ಜಗಲಿಯಲ್ಲಿ. ಆಡ್ತಾ ಇದ್ದಾಳೆ, ಅವಳಿಗೆ ಇದೆಲ್ಲ ತಿಳಿಯುದಿಲ್ಲ."

ಎದ್ದು ಬಾಗಿಲು ತೆರೆದೆ. ಹುಡುಗಿ ಆಡುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಆನಿಸಿ ಕೂತಿದ್ದವಳು ಹಿಂದಕ್ಕೆ ಬೀಳುವುದರಲ್ಲಿದ್ದಳು.

"ಒಳಗೆ ಬಾ ಮಗಾ" ಅಂದೆ. "ನಿನ್ನ ಸುದ್ದಿಯೇ ಮಾತಾಡುದು. ಕೂತುಕೊಂಡು ಕೇಳು, ಆಮೇಲೆ ನೀನೂ ಮಾತಾಡು."