ಚರಂಡಿಯ ಮೇಲಿನ ಜಗಲಿ

ನಾನು ಪುರಸಭೆ ಸದಸ್ಯೆಯಾಗಬೇಕೆಂದು ತೀರ್ಮಾನ ಮಾಡಿದವರು ನನ್ನ ಅತ್ತೆ. ನಮ್ಮ ವಾರ್ಡು ಆ ಸಲ ಮಹಿಳೆಯರಿಗೆ ಮೀಸಲಾಗಿತ್ತು. ಒಂದು ಬೆಳಿಗ್ಗೆ ಬೀದಿಯ ನಾಲ್ಕಾರು ಹಿರಿಯರು ಮನೆಗೆ ಬಂದು ನಮ್ಮ ಯಜಮಾನರನ್ನು ಕೇಳಿಕೊಂಡರು: "ನಿಮ್ ಮನೆಯವ್ರನ್ನ ನಿಲ್ಸಿ. ಎಸ್ರಿಗೆ ಅವ್ರಿರ್ಲಿ, ಕೆಲ್ಸ ನೀವ್ ನೋಡ್ಕಳಿ."

ನಮ್ಮ ಯಜಮಾನರದು ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ತೆಂಗಿನ ತೋಟಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವರ ಮುಂದೆ ಬಂದು ಬೀಳುತ್ತವೆ. ಮನುಷ್ಯರ ಜೊತೆ ಮಾತಾಡಬೇಕೆಂದರೆ ಅವರಿಗೆ ಸಂಕಟ. "ನಂಗ್ಯಾಕಣ್ಣ ಅವೆಲ್ಲ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. ಅಷ್ಟರಲ್ಲಿ ಅಡುಗೆ ಮನೆಯಿಂದ ಅತ್ತೆ ಬಂದರು. ಕೈಗೆಲ್ಲ ರಾಗಿ ಹಿಟ್ಟು.

"ಅವನ್ಯಾಕ್ ನೋಡ್ಕಬೇಕು? ನಮ್ ಉಡ್ಗಿ ಬಿ.ಎ. ಓದವ್ಳೆ. ಅವಳೇ ನಿಂತ್ಕತಾಳೆ, ಅವಳೇ ನೋಡ್ಕತಾಳೆ. ಒಪ್ಗೆ ಇದ್ರೆ ಏಳಿ, ಇಲ್ದಿದ್ರೆ ಕಾಪಿ ಕುಡ್ದು ಒಂಟೋಗಿ."

ಬಂದವರು ಕಾಫಿ ಕುಡಿದರು, ಒಪ್ಪಿಕೊಂಡೂ ಹೋದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ದೇವಲಾಪುರದ ಕಡೆಯ ಹಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ಬಂದ ಮೇಲೆ ತರಕಾರಿ ತರುವುದಕ್ಕೂ ಅತ್ತೆಯ ಹಿಂದೆಯೇ ಹೋಗಿ ಅಭ್ಯಾಸ. ವೋಟು ಕೇಳುವುದಕ್ಕೂ ಹಾಗೆಯೇ ಹೋದೆ. ಮಾತೆಲ್ಲ ಅವರದು, ಕೈ ಮುಗಿಯುವುದಷ್ಟೇ ನನ್ನದು. ಗೆದ್ದೆವು.

ಮೊದಲ ಸಭೆಗೆ ಅತ್ತೆಯೇ ಪೆಟ್ಟಿಗೆಯಿಂದ ತಮ್ಮ ಮೇಲುಕೋಟೆ ಮಗ್ಗದ ಸೀರೆ ತೆಗೆದುಕೊಟ್ಟರು. ಉಟ್ಟುಕೊಂಡು ಹೋಗಿ ಕೂತೆ. ಪಕ್ಕದ ಕುರ್ಚಿಯ ಹಿರಿಯ ಸದಸ್ಯರೊಬ್ಬರು, ಹಲವು ಸಲ ಗೆದ್ದು ಬಂದವರು, "ಯಜಮಾನ್ರು ಬರ್ಲಿಲ್ವೇನಮ್ಮ?" ಎಂದರು. "ಅಂಗಡಿಲವ್ರೆ" ಎಂದೆ. ಆ ದಿನ ನಾನು ಆಡಿದ್ದು ಅದೊಂದೇ ಮಾತು. ಬೀದಿ ದೀಪ, ಕಸದ ಗಾಡಿ, ಸಂತೆ ಮೈದಾನದ ಹರಾಜು ಅಂತ ಒಂದಾದ ಮೇಲೊಂದು ವಿಷಯ ಬಂದು ಹೋಯಿತು. ಕೈ ಎತ್ತಬೇಕಾದಲ್ಲಿ ಎತ್ತಿ, ಕೊಟ್ಟ ಬೋಂಡ ತಿಂದು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನ್ ಮಾತಾಡ್ದೆ?"

"ಏನೂ ಇಲ್ಲ ಅತ್ತೆ."

"ಏನೂ ಇಲ್ವಾ? ನಲ್ಲಿ ನೀರು ವಾರುಕ್ಕೊಂದ್ಸಲ ಬುಡ್ತಾವ್ರೆ ಅಂತನೂ ಏಳ್ನಿಲ್ವಾ? ಬೋಂಡ ತಿನ್ನಕ್ ಓಗಿದ್ಯಾ ಅಂಗಾರೆ?"

ಆವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ತಟ್ಟೆ ನೋಡಿಕೊಂಡೇ ನಕ್ಕರು. ನನಗೂ ನಗು ಬಂತು, ಒಂದಿಷ್ಟು ಅಳುವೂ ಬಂತು.

ಅತ್ತೆಗೊಂದು ಜಗಲಿಯಿತ್ತು. ನಮ್ಮ ಮನೆ ಬಾಗಿಲು ನೇರ ರಸ್ತೆಗೇ ತೆರೆಯುತ್ತದೆ, ಅಂಗಳವೆಂಬುದಿಲ್ಲ. ಬಾಗಿಲ ಮುಂದೆ ಚರಂಡಿ. ಅದರ ಮೇಲೆ ಉದ್ದಕ್ಕೆ ಚಪ್ಪಡಿ ಕಲ್ಲು ಹಾಸಿ, ಗಾರೆ ಮೆತ್ತಿ, ಕೂರುವಷ್ಟು ಎತ್ತರ ಮಾಡಿದ್ದರು. ನಾನು ಸದಸ್ಯೆಯಾದ ಮೇಲೆ ಅದೇ ನಮ್ಮ ವಾರ್ಡಿನ ಕಚೇರಿಯಾಯಿತು. ಬೆಳಿಗ್ಗೆ ಅತ್ತೆ ಎಲೆಯಡಿಕೆ ಚೀಲ ಹಿಡಿದು ಅಲ್ಲಿ ಕೂತರೆ ಜನ ಬರುತ್ತಿದ್ದರು. ದೀಪ ಉರಿಯುತ್ತಿಲ್ಲ, ನಾಯಿ ಕಾಟ, ಖಾತೆಗೆ ಅಲೆಸುತ್ತಿದ್ದಾರೆ. ಪುರಸಭೆಗೆ ಸಂಬಂಧವೇ ಇಲ್ಲದವೂ ಬರುತ್ತಿದ್ದವು: ಅಳಿಯ ಮಗಳನ್ನು ಕರೆದುಕೊಂಡು ಹೋಗುತ್ತಿಲ್ಲ, ಬೆಂಗಳೂರಿನ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲಿಸುತ್ತಿಲ್ಲ. ಅತ್ತೆ ಎಲ್ಲವನ್ನೂ ಕೇಳುತ್ತಿದ್ದರು, ಬೈಯಬೇಕಾದವರನ್ನು ಬೈಯುತ್ತಿದ್ದರು, ಆಮೇಲೆ ಒಳಗೆ ತಿರುಗಿ ನನ್ನನ್ನು ಕೂಗುತ್ತಿದ್ದರು. ನಾನು ಫೋನು ಹಿಡಿದು ಪುರಸಭೆಗೆ ಮಾಡುತ್ತಿದ್ದೆ. ಒಂದೊಂದು ಸಲ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅವರೇ ಮಾತಾಡುತ್ತಿದ್ದರು.

ಎದುರು ಮನೆಯಮ್ಮ ಸಂಜೆ ಹೊತ್ತು ಅತ್ತೆಯ ಪಕ್ಕ ಬಂದು ಕೂರುತ್ತಿದ್ದರು. ಅವರ ಮನೆಯವರು ತಲೆಮಾರುಗಳಿಂದ ಅರಳೆ ಹಾಸಿಗೆ ಹೊಲಿಯುವವರು. ಅವರ ತಂಗಿಯ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಾನೂ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದೆ. ಅವರು ಅತ್ತೆಗೆ ಅಕ್ಕ, ತೀರಿಕೊಂಡ ನಮ್ಮ ಮಾವನಿಗೆ ಭಾಯಿ ಎನ್ನುತ್ತಿದ್ದರು. ಇಬ್ಬರೂ ಈ ಬೀದಿಗೆ ಒಂದೇ ಕಾಲಕ್ಕೆ ಮದುವೆಯಾಗಿ ಬಂದವರು, ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಗಂಡಂದಿರನ್ನು ಕಳೆದುಕೊಂಡವರು.

ಆ ವರ್ಷ ಹಿಂಗಾರು ಜೋರಾಯಿತು. ಒಂದು ಸಂಜೆ ಸುರಿದ ಮಳೆಗೆ ನಮ್ಮ ಮನೆ ಮುಂದಿನ ಚರಂಡಿ ಕಟ್ಟಿಕೊಂಡು ಉಕ್ಕಿತು. ರಸ್ತೆ ಎದುರು ಮನೆಯ ಕಡೆಗೆ ಇಳಿಜಾರು. ನೀರೆಲ್ಲ ರಸ್ತೆ ದಾಟಿ ಖಾಲಾ ಮನೆಗೆ ನುಗ್ಗಿತು. ಮದುವೆ ಕಾಲಕ್ಕೆಂದು ತರಿಸಿಟ್ಟಿದ್ದ ಅರಳೆ ಮೂಟೆಗಳು ಕೊಚ್ಚೆಯಲ್ಲಿ ನೆಂದುಹೋದವು.

ಮಾರನೆಯ ದಿನ ಬಿಸಿಲು ಬಂತು. ಖಾಲಾ ಮತ್ತು ಅವರ ಮಗ ಒಳ್ಳೆಯ ಅರಳೆಯನ್ನೆಲ್ಲ ಆರಿಸಿ, ತೊಳೆದು, ತಾರಸಿಯ ಮೇಲೆ ಹರವಿದರು. ಗಾಳಿಗೆ ಅದು ಹಾರಿ ಬೀದಿಯೆಲ್ಲ ಬೆಳ್ಳಗಾಯಿತು. ನಮ್ಮ ಕಿಟಕಿಯ ಸರಳಿಗೂ ಬಂದು ಸಿಕ್ಕಿಕೊಂಡಿತು. ಅತ್ತೆ ಹೋಗಿ ಅವರ ಜೊತೆ ಕೂತು ಅರಳೆ ಬಿಡಿಸಿ, "ಈ ಪುರಸಭೆಯವ್ರ ಮನೆ ಆಳಾಗ" ಎಂದು ಬೈದು ಬಂದರು. ಪುರಸಭೆಯವರಲ್ಲಿ ನಾನೂ ಒಬ್ಬಳೆಂಬುದು ಆಗ ಅವರಿಗೆ ನೆನಪಿದ್ದಂತಿರಲಿಲ್ಲ.

ನಾನು ಪುರಸಭೆಯ ಇಂಜಿನಿಯರನ್ನು ಕರೆಸಿದೆ. ಇನ್ನೂ ಚಿಕ್ಕ ವಯಸ್ಸಿನವರು, ಸಂಕೋಚದ ಮನುಷ್ಯ. ಚರಂಡಿಯ ಉದ್ದಕ್ಕೂ ನಡೆದು ನೋಡಿ, ನಮ್ಮ ಬಾಗಿಲ ಮುಂದೆ ಬಂದು ನಿಂತರು. ಅತ್ತೆ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಮೇಡಂ, ನೀರು ಕಟ್ಟಿಕೊಳ್ಳೋದು ಇಲ್ಲೇ. ಈ ಜಗಲಿ ಕೆಳಗೆ ಹೂಳು ತೆಗೆದು ಎಷ್ಟೋ ವರ್ಷ ಆಗಿದೆ. ಕಲ್ಲು ಎತ್ತದೆ ತೆಗೆಯೋಕಾಗಲ್ಲ. ಎತ್ತಿದ ಮೇಲೆ ಮತ್ತೆ ಹೀಗೆ ಗಾರೆ ಹಾಕಿ ಮುಚ್ಚೋ ಹಾಗೂ ಇಲ್ಲ. ಬೀದಿಯಲ್ಲಿ ಇನ್ನೂ ಕೆಲವು ಮನೆಯವರು ಹೀಗೇ ಕಟ್ಟಿಕೊಂಡಿದ್ದಾರೆ."

ಈ ವಿಷಯವನ್ನು ನಾನು ಮುಂದಿನ ಸಭೆಯವರೆಗೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ರೊಟ್ಟಿ ತಟ್ಟುವಾಗ, ಬಟ್ಟೆ ಒಗೆಯುವಾಗ ಅದೇ ಯೋಚನೆ. ಹೊರಗೆ ನೋಡಿದರೆ ಅತ್ತೆ ಜಗಲಿಯ ಮೇಲೆ ಕೂತು ಯಾರಿಗೋ ಬುದ್ಧಿ ಹೇಳುತ್ತಿರುತ್ತಿದ್ದರು. ಎದುರಿಗೆ ನೋಡಿದರೆ ಖಾಲಾ ಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ನೀರಿನ ಗೆರೆ.

ಸಭೆಯಲ್ಲಿ ನಮ್ಮ ವಾರ್ಡಿನ ಚರಂಡಿಯ ವಿಷಯ ಬಂತು. ನಾನು ಎದ್ದು ನಿಂತೆ. ನಮ್ಮ ಬೀದಿಯಲ್ಲಿ ಚರಂಡಿಯ ಮೇಲೆ ಕಟ್ಟಿರುವ ಜಗಲಿಗಳನ್ನೆಲ್ಲ ತೆಗೆಸಿ ಹೂಳೆತ್ತಿಸಬೇಕು ಎಂದೆ. ಪಕ್ಕದ ಹಿರಿಯ ಸದಸ್ಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಿಮ್ ಮನೆದೂ ಐತಲ್ಲಮ್ಮ? ದೊಡ್ಡಮ್ಮಾರು ಕೂತ್ಕತಾರಲ್ಲ, ಅದು?"

"ಐತೆ. ಅದ್ನೂ ಸೇರ್ಸಿ ಬರ್ಕಳಿ."

ಯಾರೂ ವಿರೋಧಿಸಲಿಲ್ಲ. ಮುಖ್ಯಾಧಿಕಾರಿಗಳು ನಿರ್ಣಯ ಬರೆಸಿದರು. ಹೊರಗೆ ಬರುವಾಗ ಆ ಹಿರಿಯರು, "ಮನೆಗೆ ನಿಧಾನುಕ್ ಓಗಮ್ಮ" ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಜಗಲಿಯ ಮೇಲೇ ಇದ್ದರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಅಂದಿನಿಂದ ನನಗೆ ಹೇಳಬೇಕಾದದ್ದನ್ನೆಲ್ಲ ಮಗನಿಗೆ ಹೇಳತೊಡಗಿದರು. ನಾನು ಪಕ್ಕದಲ್ಲೇ ನಿಂತಿದ್ದರೂ "ನಿನ್ನೆಂಡ್ರಿಗೇಳು, ಸಾರ್ಗೆ ಉಪ್ಪಾಕಿಲ್ಲ" ಎನ್ನುತ್ತಿದ್ದರು. ನಮ್ಮ ಯಜಮಾನರು ಪಾಪ, ಅಂಗಡಿಯಿಂದ ತಡವಾಗಿ ಬರತೊಡಗಿದರು.

ಕೊನೆಗೊಂದು ಮಧ್ಯಾಹ್ನ ನಾನೇ ಹೋಗಿ ಜಗಲಿಯ ತುದಿಯಲ್ಲಿ ಕೂತೆ. "ಅತ್ತೆ, ನೀವೇ ಅಲ್ವಾ ಮಾತಾಡು ಅಂದಿದ್ದು?"

ಅತ್ತೆ ಕಲ್ಲನ್ನು ಅಂಗೈಯಿಂದ ಸವರಿ ಹೇಳಿದರು. "ಈ ಕಲ್ಲು ನಿಮ್ಮಾವ ಗಾಡಿಲಾಕಂಡು ತಂದಿದ್ದು. ನಾನು ಬಸ್ರಿ. ಒಳ್ಗಡೆ ಸೆಕೆ ಅಂತಿದ್ದೆ. ಅದ್ಕೆ ಈಚೆ ಕೂತ್ಕಳಕ್ ಮಾಡ್ಕೊಟ್ರು. ಅವರು ತೀರ್ಕಂಡಾಗ್ಲೂ ಇಲ್ಲೇ ಮನಗ್ಸಿದ್ದು, ಜನ ನೋಡ್ಲಿ ಅಂತ. ನಿಂಗೆ ಅದು ಚರಂಡಿ ಕಣಮ್ಮಿ."

ಮಾವನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಅವರ ಪಕ್ಕಕ್ಕೆ ಸರಿದು ಕೂತೆ. ಸಂಜೆಯಾದಾಗ ಇಬ್ಬರೂ ಎದ್ದು ಒಳಗೆ ಹೋದೆವು.

ಹೂಳೆತ್ತುವ ದಿನ ಬಂತು. ಬೀದಿಯ ಮೇಲ್ತುದಿಯಿಂದ ಶುರು ಮಾಡಿ, ಒಂದೊಂದೇ ಜಗಲಿ ತೆಗೆದುಕೊಂಡು ಬಂದರು. ನಮ್ಮ ಮನೆಯ ಮುಂದೆ ಜೆಸಿಬಿ ಬಂದಾಗ ಅತ್ತೆ ಎಲೆಯಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಡ್ರೈವರು ಇಂಜಿನ್ ನಿಲ್ಲಿಸಿದ. ಹಾರೆ ಹಿಡಿದಿದ್ದ ಪೌರಕಾರ್ಮಿಕರು ನನ್ನ ಮುಖ ನೋಡಿದರು, ಇಂಜಿನಿಯರು ಆಕಾಶ ನೋಡಿದರು. ಬೀದಿಯ ಜನರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಜಗಲಿ ಕಳೆದುಕೊಂಡವರಿಗಂತೂ ಈಗೇನಾಗುತ್ತದೆಂದು ನೋಡುವ ಹಟ. ಅತ್ತೆಯನ್ನು ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಗ ಖಾಲಾ ರಸ್ತೆ ದಾಟಿ ಬಂದರು. ಮಂಡಿ ನೋವು ಅವರಿಗೆ, ನಿಧಾನವಾಗಿ ಬಂದರು. ಅತ್ತೆಯ ಕೈ ಹಿಡಿದು ಎಬ್ಬಿಸುತ್ತಾರೆ ಎಂದುಕೊಂಡೆ. ಅವರು ಸೆರಗು ಸರಿ ಮಾಡಿಕೊಂಡು ಅತ್ತೆಯ ಪಕ್ಕದಲ್ಲೇ ಕೂತುಬಿಟ್ಟರು.

"ಇದ್ನ ತೆಗೀಬ್ಯಾಡಿ ಸಾರ್" ಎಂದರು ಇಂಜಿನಿಯರಿಗೆ. "ಮಿಕ್ಕಿದ್ದೆಲ್ಲ ತೆಗ್ದಿದ್ದೀರಲ್ಲ, ಸಾಕು."

ಅತ್ತೆ ಅವರ ಕಡೆ ತಿರುಗಿದರು. "ನೀನ್ಯಾಕ್ ಬಂದೆ? ನೀರು ನುಗ್ಗಿದ್ದು ನಿನ್ ಮನೆಗಲ್ವಾ?"

"ನುಗ್ಗಿದ್ರೆ ನುಗ್ತು. ಮುಂದಿನ್ ಸಲ ಮೂಟೆ ಎಲ್ಲ ಅಟ್ಟಕ್ ಹಾಕ್ತೀನಿ. ಭಾಯಿ ಮಾಡಿಕೊಟ್ಟಿದ್ದು ಅಕ್ಕಾ ಇದು. ಇದು ಹೋದ್ರೆ ನೀನ್ ಎಲ್ಲಿ ಕೂತ್ಕೋತೀಯಾ?"

ಅತ್ತೆ ಎದುರು ಮನೆಯ ಗೋಡೆಯ ಕಡೆ ನೋಡಿದರು. ಆ ಗೆರೆಯನ್ನು ಅವರು ಮೊದಲೇ ನೋಡಿರಲಿಲ್ಲವೆಂದಲ್ಲ. ಆದರೆ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು, ಖಾಲಾಗೆ ಕೈ ಚಾಚಿದರು.

"ಏಳಮ್ಮಿ. ಮಂಡಿ ನೋವಿಟ್ಕಂಡು ಇಲ್ಲಿ ಬಂದು ಕೂತವ್ಳೆ, ದೊಡ್ಡದಾಗಿ."

ಜೆಸಿಬಿಯವನ ಕಡೆ ತಿರುಗಿ, "ಲೇ, ನಿನ್ ಮಿಷಿನ್ನು ಮುಟ್ಟಿಸ್ಬ್ಯಾಡ ಕಣ್ಲಾ. ಒಡ್ದೋಯ್ತದೆ. ಕೈಲೆತ್ಲಿ" ಎಂದರು.

ಕೈಯಿಂದಲೇ ಎತ್ತಿದರು. ಹಾರೆ ಕೊಟ್ಟು, ಕೆಳಗೆ ಕೊರಡು ಸರಿಸಿ, ಒಂದೊಂದೇ ಚಪ್ಪಡಿಯನ್ನು ರಸ್ತೆಗೆ ಇಳಿಸಿದರು. ಅತ್ತೆ ಪಕ್ಕದಲ್ಲೇ ನಿಂತು "ಉಷಾರು, ಕಾಲು, ಕಾಲು" ಎನ್ನುತ್ತಿದ್ದರು. ನಮ್ಮ ಯಜಮಾನರು ಅಂಗಡಿ ಬಾಗಿಲು ಹಾಕಿ ಬಂದು ಹಾರೆಗೆ ಕೈ ಕೊಟ್ಟರು. ಕಲ್ಲಿನ ಕೆಳಗೆ ಗಟ್ಟಿಯಾದ ಕಪ್ಪು ಹೂಳು, ಪ್ಲಾಸ್ಟಿಕ್ಕು, ಗುರುತೇ ಸಿಗದ ಒಂದು ಚಪ್ಪಲಿ. ನಾತಕ್ಕೆ ನಿಂತವರೆಲ್ಲ ಮೂಗು ಮುಚ್ಚಿಕೊಂಡರು. ಅತ್ತೆ ಮಾತ್ರ ಬಗ್ಗಿ ನೋಡಿ, "ಥೂ, ಇದ್ರ ಮೇಲೆ ಕೂತ್ಕಂಡು ಊರಿಗೆಲ್ಲ ಬುದ್ಧಿ ಏಳ್ತಿದ್ನಾ ನಾನು" ಎಂದರು. ಬೀದಿಯೇ ನಕ್ಕಿತು. ಸಭೆಯಾದ ಮೇಲೆ ಅವರು ನನ್ನ ಕಡೆ ನೋಡಿ ನಕ್ಕಿದ್ದು ಅದೇ ಮೊದಲು.

ಕಲ್ಲುಗಳನ್ನು ಟ್ರಾಕ್ಟರಿಗೆ ಹಾಕಿಸಲು ಇಂಜಿನಿಯರು ಹೊರಟಾಗ ಅತ್ತೆ ತಡೆದರು. ಕಲ್ಲು ತಮ್ಮ ಗಂಡ ತಂದದ್ದು, ಪುರಸಭೆಯದಲ್ಲ ಎಂದರು. ಹಾಗಾದರೆ ಎಲ್ಲಿಡುತ್ತೀರಿ, ರಸ್ತೆಯಲ್ಲಿ ಇಡುವ ಹಾಗಿಲ್ಲ ಎಂದು ಇಂಜಿನಿಯರು ಕೇಳಿದರು. ನಮ್ಮ ಮನೆಯೊಳಗೆ ಜಾಗವಿರಲಿಲ್ಲ.

"ನಮ್ಮಲ್ಲಿ ಹಾಕಿ" ಎಂದರು ಖಾಲಾ.

ಅವರ ಮನೆಯ ಮುಂದೆ ಕಾಂಪೌಂಡಿನೊಳಗೆ ಬೇವಿನ ಮರ, ಅದರ ಕೆಳಗೆ ಅರಳೆ ಹಿಂಜುವ ಜಾಗ. ಒಂದು ಬದಿಗೆ ಇಟ್ಟಿಗೆ ಕಟ್ಟಿ ಚಪ್ಪಡಿಗಳನ್ನು ಹೊಂದಿಸಿದರು. ಹೊಂದಿಸುವಾಗ ಇಬ್ಬರಿಗೂ ಜಗಳ: ಅತ್ತೆಗೆ ರಸ್ತೆ ಕಾಣಬೇಕು, ಖಾಲಾಗೆ ನೆರಳಿರಬೇಕು. ಕೊನೆಗೆ ಓರೆಯಾಗಿ ಇಟ್ಟರು. ಇವತ್ತಿಗೂ ಓರೆಯಾಗಿಯೇ ಇದೆ.

ಜನ ರಸ್ತೆ ದಾಟಿ ಅಲ್ಲಿಗೆ ಹೋಗತೊಡಗಿದರು. ಮೊದಲು ಬರೀ ಕೇಳಿಸಿಕೊಳ್ಳುತ್ತಿದ್ದ ಖಾಲಾ ಈಗ ತೀರ್ಪನ್ನೂ ಕೊಡತೊಡಗಿದರು. ಅತ್ತೆ ಬೈದವರಿಗೆ ಅವರು ಚಹಾ ಕೊಡುತ್ತಿದ್ದರು. ನನಗೂ ಒಳ್ಳೆಯದೇ ಆಯಿತು. ಫೋನು ಕಿತ್ತುಕೊಳ್ಳಲು ಅತ್ತೆ ರಸ್ತೆ ದಾಟಿ ಬರಬೇಕಲ್ಲ, ಅಷ್ಟರಲ್ಲಿ ನಾನೇ ಮಾತು ಮುಗಿಸಿರುತ್ತಿದ್ದೆ. ಸಭೆಯಲ್ಲಿ ಕೇಳುವುದು, ಇಲ್ಲವೆಂದರೆ ಯಾಕೆಂದು ಮತ್ತೆ ಕೇಳುವುದು ನಿಧಾನವಾಗಿ ರೂಢಿಯಾಯಿತು. ನೀರು ವಾರಕ್ಕೆ ಎರಡು ಸಲ ಬರುವಂತಾಯಿತು. ದೊಡ್ಡ ಸಾಧನೆಯೇನಲ್ಲ, ಆದರೂ ವಾರದಲ್ಲಿ ಎರಡನೇ ಸಲ ನೀರು ಬಂದ ಮೊದಲ ದಿನ ಕೊಡ ತುಂಬುವ ಸದ್ದನ್ನು ಸುಮ್ಮನೆ ನಿಂತು ಕೇಳಿದೆ.

ಮುಂದಿನ ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಅತ್ತೆ ಎದುರು ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದರು. ನಾನು ನಮ್ಮ ಬಾಗಿಲಲ್ಲಿ ನಿಂತು ಚರಂಡಿ ನೋಡುತ್ತಿದ್ದೆ. ಕೆಂಪು ನೀರು ಅಂಚಿನವರೆಗೂ ತುಂಬಿ, ಎಲ್ಲೂ ನಿಲ್ಲದೆ, ತೆಂಗಿನ ಗರಿಯ ಚೂರುಗಳನ್ನು ಹೊತ್ತುಕೊಂಡು ಕೆಳಗೆ ಓಡುತ್ತಿತ್ತು. ಆಚೆಯಿಂದ ಖಾಲಾ ಕೂಗಿದರು: "ಬೇಟಿ, ಹೋಗ್ತಾ ಐತಾ?"

"ಓಗ್ತಾ ಐತೆ ಖಾಲಾ!"

ಅತ್ತೆಗೆ ನನ್ನ ಮಾತು ಸಾಲಲಿಲ್ಲ. ಗೋಣಿ ಚೀಲವನ್ನು ತಲೆಗೆ ಕೊಪ್ಪೆ ಮಾಡಿ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಸುರಿವ ಮಳೆಯಲ್ಲೇ ರಸ್ತೆಗೆ ಬಂದರು. ಚರಂಡಿಯ ಅಂಚಿನಲ್ಲಿ ನಿಂತು ನೀರು ಹೋಗುವ ಕಡೆಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಕೆಳಗಿನ್ ಮೋರಿತವ ಕಟ್ಕತದೆ ನೋಡ್ತಿರು. ನಾಳೆ ಫೋನ್ ಮಾಡು ಅವ್ರಿಗೆ" ಎಂದು ಹೇಳಿ, ಮತ್ತೆ ರಸ್ತೆ ದಾಟಿ ಬೇವಿನ ಮರದ ಕಡೆಗೆ ಹೊರಟರು.