ಸುಶೀಲಾಬಾಯಿಯ ಅರ್ಧ ಕೈ

ಸುಶೀಲಾಬಾಯಿ ಹುಮನಾಬಾದ ಕಡೆಯವರು. ಗಂಡ ವಿಶ್ವನಾಥಪ್ಪನವರಿಗೆ ವಾಳೂಜಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಸಿಕ್ಕಿತೆಂದು ಮರಾಠಿ ನಾಡಿನ ಸಂಭಾಜಿನಗರಕ್ಕೆ ಬಂದವರು ಇಲ್ಲಿಯೇ ಉಳಿದರು. ನಮ್ಮ ಕಡೆಯಿಂದ ಬಂದ ಒಂಟಿ ಹುಡುಗರಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಅವರ ಅರ್ಧ ಆಯುಷ್ಯ ಹೋಯಿತು. ನಾನು ಪಕ್ಕದ ಮನೆಯವಳು. ಆ ಸಪ್ಪಳ ಕೇಳಿದ ಮೇಲೆಯೇ ನಮಗೆ ಹಸಿವಾಗುತ್ತಿತ್ತು. ಹೋದ ವರ್ಷ ಸಪ್ಪಳ ನಿಂತಿತು. ಬಲಗೈ ಭುಜದಲ್ಲಿ ಹಿಡಿದುಕೊಂಡು ಮೇಲಕ್ಕೆ ಏಳಲೊಲ್ಲದು.

ರೊಟ್ಟಿ ನಿಂತದ್ದಕ್ಕೆ ಅವರು ಅಳಲಿಲ್ಲ, ತಲೆ ಬಾಚಿಕೊಳ್ಳಲಾಗದ್ದಕ್ಕೆ ಅತ್ತರು. ಸೊಂಟ ದಾಟುವ ಕೂದಲು. ಅದನ್ನು ಈಗ ದಿನಾ ವಿಶ್ವನಾಥಪ್ಪನವರೇ ಕಟ್ಟಬೇಕು. ಅವರಿಗೆ ಬರುವುದು ಗೋಣಿಚೀಲದ ಬಾಯಿ ಕಟ್ಟುವ ಗಂಟು ಒಂದೇ.

“ಜರಾ ಸಡಿಲ ಮಾಡ್ರಿ, ಹುಬ್ಬು ಮ್ಯಾಲ ಹೋಗ್ಯಾವ!”

“ಲಾರಿ ಮದ್ರಾಸಿಗೆ ಹೋದ್ರೂ ಈ ಗಂಟು ಬಿಚ್ಚಂಗಿಲ್ಲ ನೋಡು,” ಎಂದು ಅವರಿಗೆ ಹೆಮ್ಮೆ.

“ನನ್ನ ಜಡಿ ನಾ ಹಾಕ್ಕೊಂಡ್ರ ಸಾಕ್ರಿ, ಶಿವನ ಹತ್ರ ಮತ್ತೇನೂ ಬೇಡಂಗಿಲ್ಲ,” ಎಂದು ಸುಶೀಲಾಬಾಯಿ ನನ್ನ ಮುಂದೆ ಹೇಳುವರು.

ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲಕ್ಕೆ ಹತ್ತಿಸಿರಿ ಎಂದು ಡಾಕ್ಟರು ಹೇಳಿದ್ದರು. ಸುಶೀಲಾಬಾಯಿ ಬೇಸರ ಬಂದು ಬಿಟ್ಟರು. ಆಗ ನಾಶಿಕದಲ್ಲಿರುವ ಮಗಳು ಭಾಗ್ಯಶ್ರೀ ಬಂದು, ಹಾಡಿಗೆ ಕುಣಿಯುವ ವ್ಯಾಯಾಮ, ಅದೇ ಏರೋಬಿಕ್ಸ್ ಅಂತಾರಲ್ಲ, ಅದನ್ನು ಟಿವಿಯಲ್ಲಿ ಹಚ್ಚಿಕೊಟ್ಟು ಹೋದಳು. ಟಿವಿ ಇರುವುದು ಕಿಟಕಿಯ ಕೆಳಗೆ. ಎದುರಿನ ಬಿಲ್ಡಿಂಗಿಗೆ ಟಿವಿ ಕಾಣುವುದಿಲ್ಲ. ಕುಣಿಯುವ ಸುಶೀಲಾಬಾಯಿ ಒಬ್ಬರೇ ಕಾಣುತ್ತಾರೆ.

ಒಂದು ಮುಂಜಾನೆ ಅವರ ದಿವಾನದ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತವಳು ತಲೆಯೆತ್ತಿ ನೋಡುತ್ತೇನೆ, ಎದುರು ಕಿಟಕಿಗೊಬ್ಬ ಹೆಂಗಸು! ಎಲ್ಲರೂ ಕುಣಿಯುತ್ತಿದ್ದಾರೆ. ಇಲ್ಲಿ ಸುಶೀಲಾಬಾಯಿ ಒಂದು ಕೈ ಪೂರ್ತಿ ಎತ್ತಿ, ಇನ್ನೊಂದನ್ನು ಅರ್ಧಕ್ಕೇ ನಿಲ್ಲಿಸಿ ಹಲ್ಲು ಕಚ್ಚಿದರೆ ಅವರೂ ಹಾಗೆಯೇ, ಹಲ್ಲು ಸಹಿತ. ಕುಕ್ಕರು ಸೀಟಿ ಹೊಡೆಯಿತು. ಇವರು ತಿರುಗಿ ಒಳಗೆ ಹೋಗಿ ಗ್ಯಾಸ್ ಬಂದ್ ಮಾಡಿ ಬಂದರು. ಅವರೆಲ್ಲ ತಿರುಗಿ ಒಳಗೆ ಹೋಗಿ ಬಂದರು. ಯಾರ ಮನೆಯಲ್ಲಿ ಏನು ಬೇಯದೆ ಉಳಿಯಿತೋ! ಅಷ್ಟರಲ್ಲಿ ವಿಶ್ವನಾಥಪ್ಪನವರು ಟಿವಿಗೆ ಅಡ್ಡ ಬಂದರು. “ಸರೀರಿ ಅತ್ತಾಗ!” ಎಂದು ಇವರು ಕೈ ಬೀಸಿದರೆ ಎದುರು ಅಷ್ಟೂ ಕಿಟಕಿಗಳಲ್ಲಿ ಕೈಗಳು ಬೀಸಿದವು.

“ಅಯ್ಯ ಶಿವನ, ಎಲ್ಲಾರೂ ಅಣಕಿಸ್ಲಕತ್ತಾರ!” ಸುಶೀಲಾಬಾಯಿ ಪರದೆ ಎಳೆದುಬಿಟ್ಟರು.

ಮರುದಿನ ಬಾಗಿಲು ಬಡಿದ ಸಪ್ಪಳ. ಎದುರಿನ ಲತಾ, ಮರಾಠಿಯವಳು. ಅವಳ ಹಿಂದೆ ಉಳಿದವರು. ಇಷ್ಟು ವರ್ಷವಾಗಿ ನಮಗೆ ಯಾವುದು ಮರಾಠಿ, ಯಾವುದು ಕನ್ನಡ ಎಂದು ತಿಳಿಯದೆಯೇ ಮಾತು ನಡೆಯುತ್ತದೆ.

“ಕಾಕೂ, ಕ್ಲಾಸ್ ಯಾಕ ಬಂದ್?”

“ಯಾವ ಕ್ಲಾಸವಾ? ನಾ ಟಿವಿ ನೋಡಿ ಕುಣಿತೀನಿ. ನೀವೂ ಹಚ್ಚಿಕೊಳ್ರಿ.”

“ಹಚ್ಚಿದ್ವಿ. ಅದರಾಗಿನ ಹುಡುಗಿ ಕಡ್ಡಿ ಹಂಗಿದ್ದಾಳ, ನಕ್ಕೋತ ಜಿಗಿತಾಳ. ನೋಡಿದ್ರ ಸಿಟ್ಟು ಬರ್ತದ. ನೀವು ನಮ್ಮಂಗ ಇದ್ದೀರಿ.”

“ನನ್ನ ಬಲಗೈ ಏಳಂಗಿಲ್ಲವಾ. ಅದು ಬ್ಯಾನಿ, ವ್ಯಾಯಾಮಲ್ಲ!”

“ಸುಮ್ಮಿರ್ರಿ ಕಾಕೂ. ಆ ಅರ್ಧ ಕೈಯಿಂದೇ ನನ್ನ ಸೊಂಟ ಇಳದದ.”

ಅದು ಬ್ಯಾನಿಯೆಂದರೆ ಯಾರೂ ನಂಬಲಿಲ್ಲ. ಪರದೆ ತೆಗೆಯಬೇಕಾಯಿತು. ಅಷ್ಟು ಜನ ಕಾಯುವಾಗ ಬೇಸರವೆಂದು ಕೂಡುವಂತಿಲ್ಲ. ನೆಗಡಿಯಾದರೂ ಸುಶೀಲಾಬಾಯಿ ಎದ್ದು ನಿಲ್ಲುವರು. ಮಳೆ ಹೋಗಿ ಚಳಿ ಬಂತು. “ಮಂದಿ ಸೊಂಟ ಇಳೀತು, ನನ್ನ ಕೈ ಏರಲಿಲ್ಲ,” ಎಂದು ನಿಟ್ಟುಸಿರಿಟ್ಟರು.

ಸಂಕ್ರಾಂತಿ ಸಮೀಪದ ಒಂದು ದಿನ ಕುಣಿತದ ನಡುವೆ ಭುಜದಲ್ಲಿ ಲಟಕ್ಕೆಂದಿತು. ದಿವಾನದ ಮೇಲಿದ್ದ ನನಗೂ ಕೇಳಿಸಿತು. ಬಲಗೈ ಕಿವಿ ದಾಟಿ ಮೇಲೆ ಹೋಗಿ ನಿಂತಿತು. ಸುಶೀಲಾಬಾಯಿ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು.

ಎದುರು ಗದ್ದಲವೆದ್ದಿತು. “ಕಾಕೂ, ಹಾತ್ ಚುಕಲಾ!” ಕೈ ತಪ್ಪಿತೆಂದು ಲತಾ ಕಿಟಕಿಯಿಂದ ಕೂಗಿದಳು. ಉಳಿದವರು ತಮ್ಮ ಅರ್ಧ ಕೈ ತೋರಿಸಿ ತಿದ್ದತೊಡಗಿದರು.

“ತಪ್ಪಿಲ್ಲವಾ, ಇದೇ ಖರೇ!”

ಅಳುತ್ತ ನಗುತ್ತ ಸುಶೀಲಾಬಾಯಿ ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು ಗಂಡ ಬಿಗಿದ ಗಂಟು ಬಿಚ್ಚಿದರು, ಬಹಳ ಹೊತ್ತು ಹಿಡಿಯಿತು. ಆಮೇಲೆ ಮೂರು ಎಳೆ ಮಾಡಿ ತಾವೇ ಹೆಣೆಯತೊಡಗಿದರು. ಎದುರಿನವರು ಒಬ್ಬರ ಮುಖ ಒಬ್ಬರು ನೋಡಿ, ತಾವೂ ತುರುಬು ಬಿಚ್ಚಿ ಹೆಣೆಯಲು ನಿಂತರು. ಲತಾಳ ಕೂದಲು ಕತ್ತಿನ ಮೇಲಕ್ಕೇ ಕತ್ತರಿಸಿದ್ದು. ಅವಳು ಗಾಳಿಯಲ್ಲೇ ಮೂರು ಎಳೆ ಮಾಡಿ, ಒಂದೂ ಬಿಡದಂತೆ, ಸೊಂಟದವರೆಗೂ ಹೆಣೆದಳು.